ತಿಂದರೂ ಸರಿ, ಓಡಿದರೂ ಸರಿ; ತಿಂದು ಓಡಿದರೆ?

ಗೋಧಿ ತಿಂದರೆ ಏನೂ ಆಗುವುದಿಲ್ಲ. ಓಡಿದರೂ ಏನೂ ಆಗುವುದಿಲ್ಲ. ಗೋಧಿ ತಿಂದು ಒಂದೆರಡು ಗಂಟೆಯಲ್ಲಿ ಓಡಿದರೆ ಮಾತ್ರ ಮೈಯೆಲ್ಲ ದದ್ದು, ತುಟಿ ಊತ, ಉಸಿರಾಟಕ್ಕೆ ಕಷ್ಟ. ರಕ್ತದೊತ್ತಡ ಕುಸಿದು ಪ್ರಜ್ಞೆಯೂ ತಪ್ಪಬಹುದು. ಇಂಥವರು ನಿಜಕ್ಕೂ ಇದ್ದಾರೆ. "ನಿನ್ನೆಯೂ ಅದನ್ನೇ ತಿಂದಿದ್ದೆ, ಏನೂ ಆಗಲಿಲ್ಲ, ಹಾಗಾಗಿ ಊಟದ್ದಲ್ಲ" ಅನ್ನುವ ಮಾತು ಕೇಳಿದರೆ ನನಗೆ ಕಳವಳ. ನಿನ್ನೆ ತಿಂದು ಸುಮ್ನೆ ಕೂತಿದ್ದಿರಿ, ಅಲ್ವಾ?

ವೈದ್ಯರು ಇದನ್ನು ಮೊದಲು ವರದಿ ಮಾಡಿದ್ದು 1979ರಲ್ಲಿ. ಚಿಪ್ಪಿರುವ ಕಡಲಜೀವಿಗಳನ್ನು ತಿಂದು, ಗಂಟೆಗಳ ನಂತರ ಓಡಿದ ಒಬ್ಬ ಓಟಗಾರನ ಕಥೆ ಅದು. ಹೀಗೆ ಮೈಯೆಲ್ಲ ಆವರಿಸಿ ಜೀವಕ್ಕೇ ಕುತ್ತು ತರುವ ಅಲರ್ಜಿಗೆ 'ಅನಾಫಿಲ್ಯಾಕ್ಸಿಸ್' ಅನ್ನುತ್ತಾರೆ; ಆ ಹೆಸರು ಅದಕ್ಕಿಂತ ಹಳೆಯದು. ಪೋರ್ತಿಯೆ ಮತ್ತು ರಿಶೆ ಎಂಬ ಫ್ರೆಂಚ್ ವಿಜ್ಞಾನಿಗಳು ಕಡಲ ಹೂವಿನಂಥ ಪ್ರಾಣಿಯೊಂದರ ವಿಷವನ್ನು ನಾಯಿಗಳಿಗೆ ಚುಚ್ಚಿದ್ದರು. ಮೊದಲ ಡೋಸು ಮೈಯನ್ನು ಗಟ್ಟಿ ಮಾಡುತ್ತದೆಂದು ನಂಬಿದ್ದರು. ವಾರಗಳ ನಂತರ ಚಿಟಿಕೆಯಷ್ಟು ಕೊಟ್ಟರೆ ನಾಯಿ ಸತ್ತೇಹೋಯಿತು! ರಕ್ಷಣೆಗೆ ತದ್ವಿರುದ್ಧವಾದದ್ದು ಎಂದು 1902ರಲ್ಲಿ ಈ ಹೆಸರಿಟ್ಟರು. 1913ರಲ್ಲಿ ರಿಶೆಗೆ ನೊಬೆಲ್ ಬಂತು.

ಈಗ ನನಗೆ ತುಂಬ ಇಷ್ಟವಾದ ಭಾಗ. ನಮ್ಮ ಚರ್ಮ, ಕರುಳು, ಶ್ವಾಸನಾಳದಲ್ಲೆಲ್ಲ ಮಾಸ್ಟ್ ಕೋಶಗಳಿವೆ. ಒಂದೊಂದೂ ದದ್ದು, ಊತ ತರುವ ಹಿಸ್ಟಮೀನ್ ಎಂಬ ರಾಸಾಯನಿಕ ತುಂಬಿದ ಚೀಲ. ಚೀಲದ ಮೈಮೇಲೆ ಐಜಿಇ ಎಂಬ ಪ್ರತಿಕಾಯಗಳ ಕೊಕ್ಕೆಗಳು. ಗೋಧಿಯ ಒಮೇಗಾ-5 ಗ್ಲೈಡಿನ್ ಪ್ರೊಟೀನು ಎರಡು ಕೊಕ್ಕೆಗಳನ್ನು ಒಟ್ಟಿಗೆ ಹಿಡಿದೆಳೆದರೆ ಚೀಲ ಬಾಯಿ ಬಿಡುತ್ತದೆ. ಸುಮ್ಮನೆ ಕೂತಾಗ ಕರುಳಿನ ಗೋಡೆ ನುಣ್ಣನೆ ಜರಡಿಯಂತೆ. ದೊಡ್ಡ ತುಂಡುಗಳು ದಾಟುವುದು ಕಡಿಮೆ. ಓಡುವಾಗ ರಕ್ತವೆಲ್ಲ ಸ್ನಾಯುಗಳ ಕಡೆ ಹರಿಯುತ್ತದೆ, ಕರುಳಿಗೆ ಕೊರತೆ. ಜರಡಿಯ ಕಣ್ಣು ಹಿಗ್ಗುತ್ತದೆ. ಅರೆಜೀರ್ಣವಾದ ಪ್ರೊಟೀನು ಜಾಸ್ತಿ ನುಸುಳಿ ರಕ್ತ ಸೇರುತ್ತದೆ. ತುಂಬಿದ ಕೆರೆಗೆ ಇನ್ನೊಂದು ಕಾಲುವೆ ಬಿಟ್ಟಂತೆ. ಏರಿ ಒಡೆಯುವುದು ಎರಡು ನೀರೂ ಸೇರಿದಾಗಲೇ. ವಿಜ್ಞಾನಿಗಳು ಕೊಡುವ ವಿವರಣೆಗಳಲ್ಲಿ ಇದು ಮುಖ್ಯವಾದದ್ದು. ಆಸ್ಪಿರಿನ್, ಐಬುಪ್ರೊಫೆನ್, ಮದ್ಯ ಕೂಡ ಇಂಥ ಕಾಲುವೆಗಳೇ. ಆದ್ದರಿಂದಲೇ ಅದೇ ಊಟ, ಅದೇ ಓಟ ಇದ್ದರೂ ಒಮ್ಮೆ ಆಗುತ್ತದೆ, ಒಮ್ಮೆ ಆಗುವುದಿಲ್ಲ.

ಓಡುವಾಗ ಅಂಗೈ ತುರಿಸಿ ಮೈ ಬಿಸಿಯೇರಿದರೆ ಅಲ್ಲೇ ನಿಲ್ಲಿ. 'ಇನ್ನೊಂದು ಸುತ್ತು' ಬೇಡ. ಉಸಿರು ಕಟ್ಟಿದರೆ, ತಲೆ ಸುತ್ತಿದರೆ ತೊಡೆಯ ಹೊರಭಾಗಕ್ಕೆ ಅಡ್ರಿನಲಿನ್ ಚುಚ್ಚಬೇಕು. ಅಲರ್ಜಿ ಮಾತ್ರೆಯನ್ನು ನಂಬಿ ಕಾಯಬಾರದು. ತಲೆಸುತ್ತಿ ಬಿದ್ದವರನ್ನು ಎತ್ತಿ ನಿಲ್ಲಿಸಬೇಡಿ, ಮಲಗಿಸಿ. ಈ ತೊಂದರೆ ಇದೆಯೆಂದು ಗೊತ್ತಾದವರು ತಮಗಾಗದ ಆಹಾರ ತಿಂದ ಮೇಲೆ ಕನಿಷ್ಠ 4 ಗಂಟೆ ವ್ಯಾಯಾಮ ಮಾಡಬಾರದು. ಓಡಲು ಹೋಗುವಾಗ ಅಡ್ರಿನಲಿನ್ ಪೆನ್ನು (ಔಷಧ ತುಂಬಿದ, ಪೆನ್ನಿನಂಥ ಸೂಜಿ) ಜೇಬಿನಲ್ಲಿರಲಿ, ಜೊತೆಗೆ ಅದನ್ನು ಚುಚ್ಚಲು ಬರುವ ಒಬ್ಬರಿರಲಿ.