ಒಂಬತ್ತು ದಿನ ತಡವಾಗಿ ಮಾಯ್ದ ಗಾಯ

‘ಕಾಯಿಲೆಯವರ ಜೊತೆಗೆ ಕೂತು ನೋಡಿಕೊಳ್ಳುವುದರಲ್ಲಿ ಏನು ಕಷ್ಟ?’ ಎನ್ನುವವರಿಗೆ ಒಂದು ಗಾಯದ ಲೆಕ್ಕ ಹೇಳಬೇಕು. ಅದರ ಅಗಲ ಬರೀ 3.5 ಮಿಲಿಮೀಟರ್.

1995ರಲ್ಲಿ ಅಮೆರಿಕದ ಓಹಾಯೋದಲ್ಲಿ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು, ಡಿಮೆನ್ಶಿಯಾ (ಮರೆವಿನ ಕಾಯಿಲೆ) ಬಂದ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಮಹಿಳೆಯರ ತೋಳಿನಿಂದ ಅಷ್ಟಗಲ ಚರ್ಮ ತೆಗೆದರು. ಅದೇ ವಯಸ್ಸಿನ, ಅಷ್ಟೇ ಆದಾಯದ, ಇಂಥ ಹೊಣೆಯಿಲ್ಲದ ಇನ್ನೂ 13 ಮಂದಿಗೂ ಹಾಗೆಯೇ ಮಾಡಿದರು. ಗಾಯಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ನೊರೆಯೇಳುತ್ತದೆ. ಹೊಸ ಚರ್ಮ ಮುಚ್ಚಿಕೊಂಡರೆ ಏಳುವುದಿಲ್ಲ. (ಎಷ್ಟು ಅಗ್ಗದ ಉಪಾಯ!) ಹೊಣೆಯಿಲ್ಲದವರ ಗಾಯ ಸರಾಸರಿ 39.3 ದಿನಕ್ಕೆ ಮಾಯಿತು, ಆರೈಕೆಯವರದು 48.7 ದಿನಕ್ಕೆ.

ಕಾರಣ ಹಣೆಬರಹವೂ ಅಲ್ಲ, ಮನೋದೌರ್ಬಲ್ಯವೂ ಅಲ್ಲ. ಗಾಯವಾದೊಡನೆ ಇಂಟರ್‌ಲ್ಯೂಕಿನ್-1 ಎಂಬ ಅಣು ಡಂಗುರ ಸಾರಿ ಬಿಳಿ ರಕ್ತಕಣಗಳನ್ನು ಕರೆಯುತ್ತದೆ. ಅವು ಬಂದು ಕಸ ಎತ್ತಿದ ಮೇಲೇ ಹೊಸ ಚರ್ಮದ ಕಟ್ಟೋಣ. ಒತ್ತಡದಲ್ಲಿ ಏರುವ ಕಾರ್ಟಿಸಾಲ್ ಎಂಬ ಹಾರ್ಮೋನು ಈ ಡಂಗುರದ ಸದ್ದಡಗಿಸುತ್ತದೆ. ಮೇಸ್ತ್ರಿ ಸಿದ್ಧನಿದ್ದಾನೆ, ಹಳೇ ಗೋಡೆಯ ಮಣ್ಣು ಹೊರುವವರೇ ಬಂದಿಲ್ಲ! ಗಳಿಗೆಯ ಮಟ್ಟಿಗಾದರೆ ಕಾರ್ಟಿಸಾಲ್ ಒಳ್ಳೆಯ ಬ್ರೇಕು. ವರ್ಷಗಟ್ಟಲೆ ಒತ್ತಿಯೇ ಓಡಿಸಿದರೆ ಗಾಡಿ ಕೆಡದೆ ಇದ್ದೀತೆ? ಆ ಮಹಿಳೆಯರ ರಕ್ತಕಣಗಳು ಇಂಟರ್‌ಲ್ಯೂಕಿನ್-1 ಕಟ್ಟಲು ಬೇಕಾದ ಸಂದೇಶವನ್ನೇ ಕಡಿಮೆ ತಯಾರಿಸುತ್ತಿದ್ದವು. ಮರುವರ್ಷ ಇದೇ ತಂಡ ಫ್ಲೂ ಲಸಿಕೆಯಲ್ಲೂ ನೋಡಿತು: ಆರೈಕೆ ಮಾಡುವವರಲ್ಲಿ ರೋಗಾಣುವನ್ನು ಎದುರಿಸುವ ಪ್ರತಿಕಾಯ ಸಾಕಷ್ಟು ಏರಲಿಲ್ಲ.

ಹಾಗೆಂದು ಆರೈಕೆಯೇ ವಿಷವೆಂದು ಹೆದರಿಸುವ ಬರಹಗಳೂ ನನಗೆ ಹಿಡಿಸುವುದಿಲ್ಲ. ಕಾಯಿಲೆಯ ಸಂಗಾತಿಯನ್ನು ನೋಡಿಕೊಳ್ಳುವ ವಯಸ್ಸಾದವರ ಬಗ್ಗೆ 1999ರ ಅಧ್ಯಯನವೊಂದಿದೆ. ನಾಲ್ಕು ವರ್ಷಗಳಲ್ಲಿ ಸಾವಿನ ಅಪಾಯ ಶೇ. 63ರಷ್ಟು ಹೆಚ್ಚಿದ್ದುದು ಅದು ಹೊರೆಯಾದವರಲ್ಲಿ ಮಾತ್ರ; ಹೊರೆ ಎನಿಸದವರಲ್ಲಿ ಅಂಥ ಏರಿಕೆ ಕಾಣಲಿಲ್ಲ.

ಆದ್ದರಿಂದ ಇಳಿಸಬೇಕಾದದ್ದು ಹೊರೆ. ಮೊದಲು ನಿದ್ದೆ: ‘ಬೇಕಾದರೆ ಕರೆಯಿರಿ’ ಎನ್ನುವ ನೆಂಟರಿಗೆ ನಿಗದಿತ ರಾತ್ರಿಗಳನ್ನೇ ಒಪ್ಪಿಸಿ, ನೀವು ಬೇರೆ ಕೋಣೆಯಲ್ಲಿ ಮಲಗಿ. ನಿಮ್ಮ ಬಿಪಿ ಮಾತ್ರೆಯನ್ನೂ ಕಾಯಿಲೆಯವರ ಮಾತ್ರೆಯ ಹೊತ್ತಿಗೇ ನುಂಗಿದರೆ ಮರೆಯುವುದಿಲ್ಲ. ಇನ್ನು ಸೊಂಟ. ಕುರ್ಚಿಯಿಂದ ಏಳಿಸುವಾಗ ಅವರನ್ನು ಅಂಚಿಗೆ ಸರಿಸಿ, ಪಾದಗಳನ್ನು ಮಂಡಿಗಿಂತ ತುಸು ಹಿಂದಕ್ಕೆ ಊರಿಸಿ, ಮೂಗು ಕಾಲ್ಬೆರಳ ಮೇಲೆ ಬರುವಷ್ಟು ಮುಂದಕ್ಕೆ ಬಾಗಿಸಿ. ನೀವು ಬಾಗಿಸಬೇಕಾದದ್ದು ಮಂಡಿ, ಬೆನ್ನಲ್ಲ. ಕಂಕುಳಿಗೆ ಕೈಹಾಕಿ ಎತ್ತಿದರೆ ಅವರ ಭುಜ ಉಳುಕುತ್ತದೆ, ನಿಮ್ಮ ಸೊಂಟ ಹಿಡಿಯುತ್ತದೆ.