ಕರಡಿನ ಅಂಚಿನಲ್ಲಿ ಏನು ಬರೆಯಬೇಕು

ಕಥಾ ಕಮ್ಮಟಗಳಲ್ಲಿಯೂ ಪತ್ರಿಕೆಯ ಮೇಜಿನ ಮುಂದೆಯೂ ಇಪ್ಪತ್ತು ವರ್ಷಗಳಿಗಿಂತ ಹೆಚ್ಚು ಕಾಲ ಬೇರೆಯವರ ಕರಡುಗಳನ್ನು ಓದುತ್ತ ಬಂದಿರುವ ನಾನು, ಹೊಸ ಕಥೆಗಾರರಿಗೆ ಅತಿ ಹೆಚ್ಚು ಸಿಗುವ ಅಭಿಪ್ರಾಯ ಯಾವುದೆಂದು ಕೇಳಿದರೆ ತಡವರಿಸದೆ ಹೇಳಬಲ್ಲೆ: ‘ಚೆನ್ನಾಗಿದೆ, ಮುಂದುವರಿಸಿ.’ ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಎದುರಿಗೆ ಕುಳಿತವರನ್ನು ನೋಯಿಸಬಾರದೆಂಬ ದಾಕ್ಷಿಣ್ಯ ನಮ್ಮಲ್ಲಿ ಆಳವಾಗಿ ಬೇರೂರಿದೆ. ಬರೆದವರು ವಯಸ್ಸಿನಲ್ಲಿ ಹಿರಿಯರಾದರೆ ಅದು ಇಮ್ಮಡಿಯಾಗುತ್ತದೆ. ಆದರೆ ರಾತ್ರಿ ದೀಪ ಹಚ್ಚಿಕೊಂಡು ಕರಡನ್ನು ತಿದ್ದಲು ಕುಳಿತವರು ಆ ಮಾತನ್ನು ನೆಚ್ಚಿಕೊಂಡು ಒಂದು ಅಲ್ಪವಿರಾಮವನ್ನು ಕೂಡ ಕದಲಿಸಲಾರರು.

ಇದಕ್ಕೆ ವಿರುದ್ಧ ದಿಕ್ಕಿನ ತೊಂದರೆಯೂ ಇದೆ. ಸಾಹಿತ್ಯದ ಬಗ್ಗೆ ಗಂಭೀರವಾಗಿ ಮಾತನಾಡಬಲ್ಲವರು ನಮ್ಮಲ್ಲಿ ಬಹುಮಟ್ಟಿಗೆ ಆ ಮಾತನ್ನು ವಿಮರ್ಶೆಯಿಂದ ಕಲಿತವರು. ವಿಮರ್ಶೆಯೆಂಬುದು ಅಚ್ಚಾದ ಕೃತಿಯನ್ನು ಕುರಿತು ಓದುಗರೊಡನೆ ಆಡುವ ಮಾತು. ಕೃತಿಯನ್ನು ಅದರ ಕಾಲ ಮತ್ತು ಪರಂಪರೆಯ ನಡುವೆ ಇಟ್ಟು ಬೆಲೆ ಕಟ್ಟುವುದು ಅದರ ಕೆಲಸ. ಕರಡಿಗೆ ಕೊಡುವ ಪ್ರತಿಕ್ರಿಯೆ ಇನ್ನೂ ಬದಲಾಗಬಲ್ಲ ಬರಹವನ್ನು ಕುರಿತು ಬರೆದವರೊಡನೆಯೇ ಆಡುವ ಮಾತು. ‘ಇದರಲ್ಲಿ ನವ್ಯದ ಛಾಯೆ ಇದೆ’, ‘ಸಾಮಾಜಿಕ ಆಶಯ ಗಟ್ಟಿಯಾಗಿಲ್ಲ’ ಎಂಬಂಥ ಮಾತುಗಳು ನಿಜವೇ ಆಗಿದ್ದರೂ, ಕಥೆಯ ಮೂರನೆಯ ಪುಟದಲ್ಲಿ ಏನು ಮಾಡಬೇಕೆಂಬುದು ಅವುಗಳಿಂದ ಯಾರಿಗೂ ತಿಳಿಯುವುದಿಲ್ಲ.

ನಾನು ಕಮ್ಮಟಕ್ಕೆ ಬಂದವರಿಗೆ ಮೊದಲ ದಿನವೇ ಹೇಳುವುದು ಇಷ್ಟು: ಕಥೆಯಲ್ಲಿ ಏನು ತಪ್ಪಿದೆ ಎಂದು ಹೇಳುವ ಮೊದಲು, ಓದುವಾಗ ನಿಮಗೆ ಏನಾಯಿತು, ಯಾವ ಸಾಲಿನಲ್ಲಿ ಆಯಿತು ಎಂಬುದನ್ನು ಹೇಳಿ. ಒಂದು ಉದಾಹರಣೆಯನ್ನು ಬಿಡಿಸಿ ನೋಡುವುದು ಒಳ್ಳೆಯದು. ಶಿಬಿರಾರ್ಥಿಯೊಬ್ಬರ ಕಥೆಯ ಕರಡಿನಲ್ಲಿ ಈ ಎರಡು ವಾಕ್ಯಗಳಿದ್ದವು:

‘ಅಮ್ಮ ಹೋದ ಹದಿನಾಲ್ಕನೆಯ ದಿನ ಅಪ್ಪ ಅಟ್ಟದ ಮೇಲಿದ್ದ ಉಪ್ಪಿನಕಾಯಿ ಭರಣಿಯನ್ನು ಇಳಿಸಿ, ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ, ಮುಚ್ಚಳ ತೆಗೆಯದೆ, ಮತ್ತೆ ಬಟ್ಟೆ ಕಟ್ಟಿ ಮೇಲಿಟ್ಟ. ಅವನ ಹೃದಯದಲ್ಲಿ ಅಗಲಿಕೆಯ ನೋವು ಮಡುಗಟ್ಟಿತ್ತು.’

ಸುತ್ತ ಕುಳಿತಿದ್ದವರಲ್ಲಿ ಒಬ್ಬರು ‘ಭಾವುಕತೆ ಹೆಚ್ಚಾಯಿತು’ ಎಂದರು. ಅದು ತೀರ್ಪು, ಮತ್ತು ಯಾವ ಜಾಗಕ್ಕೆ ಸಂಬಂಧಿಸಿದ್ದೆಂದು ಗೊತ್ತಾಗದ ತೀರ್ಪು. ಇನ್ನೊಬ್ಬರು, ಬಹಳ ಹೊತ್ತು ಸುಮ್ಮನಿದ್ದ ಪ್ರೌಢಶಾಲೆಯ ಮೇಷ್ಟ್ರು, ಹೀಗೆ ಹೇಳಿದರು: ‘ಭರಣಿ ಇಳಿದಾಗ ನಾನು ಆ ಅಡುಗೆಮನೆಯಲ್ಲಿ ನಿಂತಿದ್ದೆ. ಅವರು ಮುಚ್ಚಳ ತೆಗೆಯಲಿಲ್ಲ ಎಂದಾಗ ಉಸಿರು ಹಿಡಿದೆ. ಮುಂದಿನ ವಾಕ್ಯದಲ್ಲಿ ಯಾರೋ ಬಂದು, ನಾನು ಕಣ್ಣಾರೆ ಕಂಡದ್ದನ್ನೇ ನನಗೆ ವಿವರಿಸಿದರು; ಅಲ್ಲಿಂದ ನಾನು ಹೊರಗೆ ಬಂದುಬಿಟ್ಟೆ.’ ಈ ಮಾತಿನಲ್ಲಿ ಬೈಗುಳವಿಲ್ಲ, ಉಪದೇಶವಿಲ್ಲ. ಎಲ್ಲಿ ಒಳಗಿದ್ದೆ, ಎಲ್ಲಿ ಹೊರಬಿದ್ದೆ ಎಂಬುದಷ್ಟೇ ಇದೆ. ಇದನ್ನು ಬರೆದವರು ಅಲ್ಲಗಳೆಯುವಂತಿಲ್ಲ, ಏಕೆಂದರೆ ಓದಿದವರಿಗೆ ಆದದ್ದು ಆಗಿಯೇ ಬಿಟ್ಟಿದೆ.

ಆ ಮಾತಿನಲ್ಲಿ ಮೆಚ್ಚುಗೆಯೂ ಇತ್ತೆಂಬುದನ್ನು ಗಮನಿಸಬೇಕು. ಮೆಚ್ಚುಗೆ ಕಹಿಗುಳಿಗೆಯ ಜೊತೆಗೆ ಕೊಡುವ ಬೆಲ್ಲವೆಂದು ಅನೇಕರು ತಿಳಿದಿದ್ದಾರೆ. ನನ್ನ ಅನುಭವದಲ್ಲಿ ಅದು ಮಾಹಿತಿ. ಬರೆದವರಿಗೆ ತಮ್ಮ ಬರಹದ ಯಾವ ಜಾಗಕ್ಕೆ ಜೀವವಿದೆಯೆಂದು ಎಷ್ಟೋ ಸಲ ತಿಳಿದಿರುವುದಿಲ್ಲ. ತಿದ್ದುವ ಉತ್ಸಾಹದಲ್ಲಿ ಒಳ್ಳೆಯ ಸಾಲನ್ನೇ ಹೊಡೆದುಹಾಕಿದ ಕರಡುಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಭರಣಿಯ ವಾಕ್ಯವನ್ನು ಮುಟ್ಟಬಾರದೆಂದು ಆ ಲೇಖಕಿಗೆ ತಿಳಿದದ್ದು ಮೇಷ್ಟ್ರ ಮಾತಿನಿಂದ.

ಇದು ಹೊಸ ವಿಚಾರವೇನಲ್ಲ. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲೇ ಅತ್ಯಂತ ಹಳೆಯದಾದ, ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತನ್ನ ಮೊದಲ ಪರಿಚ್ಛೇದದಲ್ಲೇ ಕಾವ್ಯದ ದೋಷಗಳ ವಿಚಾರಕ್ಕೆ ಇಳಿಯುತ್ತದೆ. ಕಣ್ಣು ತಾನು ಹಚ್ಚಿಕೊಂಡ ಕಾಡಿಗೆಯನ್ನು ತಾನೇ ಕಾಣಲಾರದಂತೆ ಮನುಷ್ಯ ತನ್ನ ದೋಷವನ್ನು ಕಾಣಲಾರ ಎಂಬ ಮಾತು ಅಲ್ಲಿ ಬರುತ್ತದೆ. ಬರೆದವರಿಗೆ ಇನ್ನೊಬ್ಬರ ಕಣ್ಣು ಏಕೆ ಬೇಕೆಂಬುದಕ್ಕೆ ಇದಕ್ಕಿಂತ ನಿಖರವಾದ ಕಾರಣವನ್ನು ನಾನು ಬೇರೆಲ್ಲಿಯೂ ಓದಿಲ್ಲ. ಆ ದೋಷ ದಡ್ಡತನದಿಂದ ಬಂದದ್ದಲ್ಲ, ತೀರ ಹತ್ತಿರವಿರುವುದರಿಂದ ಕಾಣದೆ ಹೋದದ್ದು. ಸಂಸ್ಕೃತ ಮತ್ತು ಕನ್ನಡ ಪದಗಳನ್ನು ಹದವರಿಯದೆ ಸಮಾಸ ಮಾಡುವುದನ್ನು ಆಕ್ಷೇಪಿಸುವಾಗಲೂ ಆ ಗ್ರಂಥ ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದ ಹಾಗೆ ಎನ್ನುತ್ತದೆ. ನಿಯಮವನ್ನು ಹೇಳುವುದರ ಜೊತೆಗೆ, ಅದು ಮುರಿದಾಗ ಓದುವವರ ನಾಲಗೆಗೆ ಏನಾಗುತ್ತದೆಂಬುದನ್ನೂ ಹೇಳುವ ಕ್ರಮ ಅದು.

ಇನ್ನು ಪರಿಹಾರದ ಮಾತು. ಎಡವಿದ ಜಾಗವನ್ನು ಓದುಗರು ತೋರಿಸಿದರೆ ಅದನ್ನು ನಂಬಬೇಕು. ಅಲ್ಲಿ ಏನು ಮಾಡಬೇಕೆಂದು ಅವರು ಹೇಳಿದರೆ ಅದನ್ನು ಸಾವಧಾನವಾಗಿ ಪರಿಶೀಲಿಸಬೇಕು. ಭರಣಿಯ ಕಥೆಗೆ ಆ ಮಧ್ಯಾಹ್ನ ಮೂರು ಸಲಹೆಗಳು ಬಂದವು. ಎರಡನೆಯ ವಾಕ್ಯವನ್ನು ತೆಗೆದುಬಿಡಿ ಎಂದರು ಒಬ್ಬರು. ‘ಹೃದಯ’ದ ಬದಲು ‘ಎದೆ’ ಎನ್ನಿ ಎಂದರು ಇನ್ನೊಬ್ಬರು. ಅಪ್ಪ ಅಳುವಂತೆ ಮಾಡಿ ಎಂದರು ಮತ್ತೊಬ್ಬರು. ಲೇಖಕಿ ಮೂರನ್ನೂ ಬರೆದುಕೊಂಡರು, ಮೂರನ್ನೂ ಮಾಡಲಿಲ್ಲ. ಮರುದಿನ ತಂದ ಕರಡಿನಲ್ಲಿ ಎರಡನೆಯ ವಾಕ್ಯ ಹೀಗಿತ್ತು: ‘ಅವನು ಹಾಕಿದ ಗಂಟು ಅಮ್ಮನ ಗಂಟಾಗಿರಲಿಲ್ಲ.’ ಅಲ್ಲಿ ಏನೋ ಒಂದು ಬೇಕು ಎಂಬ ಅವರ ಮೊದಲ ಅನಿಸಿಕೆ ಸರಿಯಾಗಿಯೇ ಇತ್ತು. ವಾಕ್ಯವನ್ನು ತೆಗೆದುಹಾಕಿದ್ದರೆ ಈ ಗಂಟು ಸಿಗುತ್ತಿರಲಿಲ್ಲ. ಅದನ್ನು ಕಂಡುಕೊಳ್ಳುವುದು ಆ ಮನೆಯ ಅಡುಗೆಮನೆಯನ್ನು ಬಲ್ಲವರಿಗೆ ಮಾತ್ರ ಸಾಧ್ಯವಿತ್ತು, ನಮ್ಮಲ್ಲಿ ಯಾರಿಗೂ ಅಲ್ಲ.

ಈ ವಿವೇಕ ನನಗೆ ಮೊದಲಿನಿಂದಲೂ ಇರಲಿಲ್ಲ. ವೃತ್ತಿಗೆ ಬಂದ ಆರಂಭದ ವರ್ಷಗಳಲ್ಲಿ ನಾನು ಕೆಂಪು ಶಾಯಿಯಲ್ಲಿ ವಾಕ್ಯಗಳನ್ನೇ ಮರಳಿ ಬರೆದುಕೊಡುತ್ತಿದ್ದೆ ಮತ್ತು ಅದನ್ನು ಉಪಕಾರವೆಂದೇ ತಿಳಿದಿದ್ದೆ. ಒಂದು ದೀಪಾವಳಿ ವಿಶೇಷಾಂಕಕ್ಕೆ ಧಾರವಾಡದ ಕಡೆಯ ಲೇಖಕಿಯೊಬ್ಬರ ಕಥೆ ಬಂದಿತ್ತು. ಹಳೇ ಮೈಸೂರು ಸೀಮೆಯಲ್ಲಿ ಬೆಳೆದ ನಾನು, ಎಲ್ಲ ಓದುಗರಿಗೂ ಅರ್ಥವಾಗಲೆಂದು, ಅದರ ಸಂಭಾಷಣೆಗಳನ್ನು ನನಗೆ ತಿಳಿದ ಶಿಷ್ಟ ಕನ್ನಡಕ್ಕೆ ತಿರುಗಿಸಿದೆ. ‘ಭಾಳ ತ್ರಾಸಾತು’ ಎಂಬುದು ‘ತುಂಬಾ ಕಷ್ಟವಾಯಿತು’ ಎಂದಾಯಿತು. ಕಥೆ ಅಚ್ಚಾದ ಮೇಲೆ ಅವರಿಂದ ಒಂದು ಅಂಚೆಕಾರ್ಡು ಬಂತು. ಅದರಲ್ಲಿ ಇದ್ದದ್ದು ಒಂದೇ ಸಾಲು: ‘ನಮ್ಮವ್ವ ಹಿಂಗ ಮಾತಾಡೂದಿಲ್ರಿ.’

ಆ ಕಾರ್ಡನ್ನು ಹಿಡಿದುಕೊಂಡು ನಾನು ಬಹಳ ಹೊತ್ತು ಕುಳಿತಿದ್ದೆ. ತ್ರಾಸ ಎಂಬ ಮಾತಿನಲ್ಲಿ ಮೈಯ ದಣಿವೂ ಮನಸ್ಸಿನ ಬೇಸರವೂ ಒಟ್ಟಿಗೆ ಇವೆ. ಕಷ್ಟ ಎಂಬುದು ಪಾಠದ ಲೆಕ್ಕಕ್ಕೂ ಒಪ್ಪುವ ಮಾತು. ನಾನು ಬದಲಿಸಿದ್ದು ಪದವನ್ನಷ್ಟೇ ಅಲ್ಲ, ಆ ತಾಯಿಯನ್ನೇ. ಕುಂದಾಪುರದ, ಕಲಬುರಗಿಯ, ಚಾಮರಾಜನಗರದ ಕನ್ನಡದಲ್ಲಿ ಬರೆದವರಿಗೆ ‘ಭಾಷೆ ಶುದ್ಧವಾಗಿಲ್ಲ’ ಎಂಬ ಅಭಿಪ್ರಾಯ ಈಗಲೂ ಸಿಗುತ್ತದೆ, ಮತ್ತು ಅದನ್ನು ನಂಬಿ ತಮ್ಮ ಮನೆಮಾತನ್ನು ಬಿಟ್ಟ ಬರಹಗಾರರು ಇದ್ದಾರೆ. ಇದಕ್ಕಿಂತ ದೊಡ್ಡ ಹಾನಿಯನ್ನು ಪ್ರತಿಕ್ರಿಯೆಯೊಂದು ಮಾಡಬಹುದೆಂದು ನನಗೆ ತೋರುವುದಿಲ್ಲ. ಒಂದು ಮಾತು ಅರ್ಥವಾಗದಿದ್ದರೆ ‘ಇದು ನನಗೆ ತಿಳಿಯಲಿಲ್ಲ’ ಎಂದು ಅಂಚಿನಲ್ಲಿ ಬರೆಯಬಹುದು; ಸಂದರ್ಭದಿಂದ ಅರ್ಥ ಹೊಳೆಯುವಂತೆ ಮಾಡಬೇಕೋ ಬೇಡವೋ ಎಂಬುದು ಬರೆದವರ ನಿರ್ಧಾರ. ಅಲ್ಪಪ್ರಾಣ, ಮಹಾಪ್ರಾಣಗಳ ತಪ್ಪು, ಬಿಟ್ಟುಹೋದ ಒತ್ತಕ್ಷರ ಇವೆಲ್ಲ ಪ್ರೂಫ್ ನೋಡುವ ಹಂತಕ್ಕೆ ಸೇರಿದವು. ಮೊದಲ ಕರಡಿನ ಚರ್ಚೆಯಲ್ಲಿ ಅವುಗಳ ಮೇಲೆ ಗಂಟೆಗಟ್ಟಲೆ ಕಳೆಯುವುದು ಸಲ್ಲದು.

ಸ್ವೀಕರಿಸುವವರ ಕಡೆಯ ಕೆಲಸ ಇನ್ನೂ ಕಠಿಣ. ನಮ್ಮ ಕಮ್ಮಟದಲ್ಲಿ ಒಂದು ಕಥೆಯ ಚರ್ಚೆ ನಡೆಯುವಷ್ಟು ಹೊತ್ತು ಅದನ್ನು ಬರೆದವರು ಮಾತನಾಡುವಂತಿಲ್ಲ. ಮೊದಮೊದಲು ಎಲ್ಲರಿಗೂ ಇದು ಶಿಕ್ಷೆಯಂತೆ ಕಾಣುತ್ತದೆ. ಆದರೆ ‘ಅದು ಹಾಗಲ್ಲ, ಅವಳು ಮೊದಲೇ ನಿರ್ಧರಿಸಿಬಿಟ್ಟಿದ್ದಳು’ ಎಂದು ಲೇಖಕರು ಬಾಯಿಬಿಟ್ಟು ವಿವರಿಸಿದ ಕ್ಷಣವೇ ಕೇಳಿದವರಿಗೆ ಕಥೆ ಅರ್ಥವಾಗಿಬಿಡುತ್ತದೆ, ಕಾಗದದ ಮೇಲೆ ಮಾತ್ರ ಅದು ಎಲ್ಲಿತ್ತೋ ಅಲ್ಲೇ ಉಳಿಯುತ್ತದೆ. ಪತ್ರಿಕೆ ಕೊಂಡು ಓದುವವರ ಪಕ್ಕದಲ್ಲಿ ಲೇಖಕರು ಕುಳಿತಿರುವುದಿಲ್ಲ. ಆದ್ದರಿಂದ ಕೇಳಿಸಿಕೊಂಡದ್ದನ್ನು ಒಪ್ಪಿಗೆಯಾಗಲಿ ಆಗದಿರಲಿ ಹೇಳಿದವರ ಮಾತುಗಳಲ್ಲೇ ಬರೆದುಕೊಳ್ಳಬೇಕು, ಮತ್ತು ಕಡಿಮೆಯೆಂದರೂ ಒಂದು ವಾರ ಅದನ್ನು ತೆರೆಯದೆ ಇಡಬೇಕು. ಮೊದಲ ರಾತ್ರಿ ಎಲ್ಲ ಟೀಕೆಗಳೂ ಒಂದೇ ಗಾತ್ರದ ಮುಳ್ಳುಗಳಾಗಿರುತ್ತವೆ. ವಾರದ ಮೇಲೆ ಓದಿದಾಗ ಕೆಲವು ತಾವಾಗಿಯೇ ಉದುರಿರುತ್ತವೆ, ಒಂದೆರಡು ಮಾತ್ರ ಇನ್ನೂ ಚುಚ್ಚುತ್ತಿರುತ್ತವೆ. ನಾನು ಕಂಡಂತೆ ಕೆಲಸ ಇರುವುದು ಆ ಒಂದೆರಡರಲ್ಲಿ. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಮೂವರು ಒಂದೇ ಪುಟದಲ್ಲಿ ತಡವರಿಸಿದ್ದರೆ, ಅವರು ಕೊಟ್ಟ ಕಾರಣಗಳು ಬೇರೆಬೇರೆಯಾಗಿದ್ದರೂ, ಆ ಪುಟವನ್ನು ಮತ್ತೆ ತೆರೆಯಲೇಬೇಕು.

ಗಟ್ಟಿಯಾಗಿ ಓದುವ ಬಗ್ಗೆ ಒಂದು ಮಾತು. 1920ರ ದಶಕದ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಸೇರಿದ ಗೆಳೆಯರ ಗುಂಪಿನ ನೆನಪು ಇರುವ ನಮಗೆ, ಬರೆದದ್ದನ್ನು ಬಳಗದ ನಡುವೆ ಓದುವುದು ಪ್ರಿಯವಾದ ರೂಢಿ. ಪದ್ಯಕ್ಕೆ ಅದು ಅಗತ್ಯವೂ ಹೌದು. ಲಯ ಎಲ್ಲಿ ಕುಂಟಿತೆಂದು ಕಿವಿಗೆ ಮೊದಲು ತಿಳಿಯುತ್ತದೆ. ಕಥೆಯ ವಿಷಯದಲ್ಲಿ ಮಾತ್ರ ನಾನು ಎಚ್ಚರ ಹೇಳುತ್ತೇನೆ. ಒಳ್ಳೆಯ ಕಂಠವುಳ್ಳವರು ಓದಿದರೆ ದುರ್ಬಲ ವಾಕ್ಯಗಳೂ ನಿಂತುಬಿಡುತ್ತವೆ, ಸಂಕೋಚದವರು ಓದಿದರೆ ಗಟ್ಟಿ ವಾಕ್ಯಗಳೂ ಬಿದ್ದುಹೋಗುತ್ತವೆ. ಹಾಗಾಗಿ ಪ್ರತಿಗಳನ್ನು ಮೂರು ದಿನ ಮೊದಲೇ ಹಂಚಿ, ಎಲ್ಲರೂ ಒಬ್ಬೊಬ್ಬರೇ ಕುಳಿತು ಪೆನ್ಸಿಲು ಹಿಡಿದು ಓದಿ ಬರಲಿ ಎನ್ನುತ್ತೇನೆ. ಪೆನ್ಸಿಲನ್ನೇ ಹೇಳುವುದಕ್ಕೆ ಕಾರಣವಿದೆ: ಅಳಿಸಬಹುದಾದ ಗುರುತನ್ನು ಮಾಡುವವರ ಕೈ ಬೇರೆ ರೀತಿಯಲ್ಲಿ ನಡೆಯುತ್ತದೆ.

ಅಂಚೆಕಾರ್ಡು ಬರೆದ ಆ ಲೇಖಕಿ ಎರಡು ವರ್ಷಗಳ ಬಳಿಕ ಇನ್ನೊಂದು ಕಥೆ ಕಳಿಸಿದರು. ಮೊದಲ ಹಾಳೆಗೆ ಚಿಕ್ಕದೊಂದು ಚೀಟಿ ಪಿನ್ನು ಹಾಕಿತ್ತು: ‘ಮಾತು ಮುಟ್ಟಬ್ಯಾಡ್ರಿ. ಉಳಿದದ್ದು ಹೇಳ್ರಿ.’ ನಾನು ಮೂರು ಕಡೆ ಪೆನ್ಸಿಲಿನಿಂದ ಗೆರೆ ಎಳೆದು, ಓದುವಾಗ ನನಗೆ ಅಲ್ಲಲ್ಲಿ ಏನಾಯಿತೆಂದು ಬರೆದು ಹಿಂದಕ್ಕೆ ಕಳಿಸಿದೆ. ಎರಡು ಜಾಗಗಳನ್ನು ಅವರು ನಾನು ಊಹಿಸದ ರೀತಿಯಲ್ಲಿ ಬದಲಿಸಿದ್ದರು. ಮೂರನೆಯದರ ಪಕ್ಕದಲ್ಲಿ ‘ಇದು ಇರಲಿ’ ಎಂದಿತ್ತು. ಅಲ್ಲಿ ಕಥೆ ತುಸು ನಿಂತಂತೆ ನನಗೆ ಇವತ್ತಿಗೂ ಅನ್ನಿಸುತ್ತದೆ. ಆ ಪುಟ ಅವರು ಬರೆದಂತೆಯೇ ಅಚ್ಚಾಯಿತು.