ಹಳೆಯ ಆಟೋಮ್ಯಾಟಿಕ್ ಕಾರು ಗೇರ್ ಬದಲಿಸುವಾಗ ಜಗ್ಗಿದರೆ ಗೇರ್‌ಬಾಕ್ಸ್ ಬಿಚ್ಚಿಸಲೇಬೇಕೇ?

ಪ್ರಶ್ನೆ: ನನ್ನದು 2010ರ ಹ್ಯುಂಡೈ ಐ10, 1.2 ಪೆಟ್ರೋಲ್ ಆಟೋಮ್ಯಾಟಿಕ್. ಎರಡನೆಯ ಗೇರಿನಿಂದ ಮೂರನೆಯದಕ್ಕೆ ಹೋಗುವಾಗ ಎಂಜಿನ್ ಒಮ್ಮೆ ಜೋರಾಗಿ ಕೂಗುತ್ತದೆ, ಮರುಕ್ಷಣವೇ ಗುದ್ದಿದಂತೆ ಗಾಡಿ ಮುಂದಕ್ಕೆ ಜಗ್ಗುತ್ತದೆ. ಬೆಳಿಗ್ಗೆ ಇಷ್ಟಿರುವುದಿಲ್ಲ, ಬಿಸಿಯಾದ ಮೇಲೆ ಹೆಚ್ಚು. ಗ್ಯಾರೇಜಿನವರು ಗೇರ್‌ಬಾಕ್ಸ್ ಇಳಿಸಿ ಬಿಚ್ಚಬೇಕು ಎನ್ನುತ್ತಾರೆ. ಒಪ್ಪಲೇ?

ಉತ್ತರ: ಈಗಲೇ ಒಪ್ಪಬೇಡಿ. ಗೇರ್‌ಬಾಕ್ಸ್ ಕೆಟ್ಟಿರಲೂಬಹುದು. ಆದರೆ ಗೇರ್‌ಬಾಕ್ಸಿನ ಆಯಿಲ್ ನೋಡಿದೆವು, ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷ ಓದುವ ಸ್ಕ್ಯಾನರ್ ಹಾಕಿದೆವು ಎಂಬ ಮಾತು ನಿಮ್ಮ ಪತ್ರದಲ್ಲಿ ಎಲ್ಲಿಯೂ ಇಲ್ಲ. ಇವೆರಡನ್ನೂ ಬಿಟ್ಟು ಬಿಚ್ಚಲು ಹೊರಡುವುದು ನಾಡಿ ಹಿಡಿಯದೆ ಹೊಟ್ಟೆ ಕುಯ್ದ ಹಾಗೆ.

ಕ್ಲಚ್ ಪೆಡಲ್ ಇಲ್ಲದ ಕಾರನ್ನೆಲ್ಲ ನಾವು ಆಟೋಮ್ಯಾಟಿಕ್ ಎಂದೇ ಕರೆಯುತ್ತೇವೆ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದ ಎಎಂಟಿಯ (ಮ್ಯಾನುಯಲ್ ಗೇರ್‌ಬಾಕ್ಸಿನ ಕ್ಲಚ್ಚನ್ನೂ ಗೇರನ್ನೂ ಯಂತ್ರವೇ ಆಡಿಸುವ ಬಗೆ) ಸಂಗತಿ ಬೇರೆ, ಅದರ ಜಗ್ಗಾಟದ ಕಾರಣಗಳೂ ಬೇರೆ. ನಿಮ್ಮದು ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವ ನಾಲ್ಕು ಗೇರಿನ ಪೆಟ್ಟಿಗೆ. ಇಲ್ಲಿ ಗೇರ್ ಹಿಡಿಸುವುದೂ ಬಿಡಿಸುವುದೂ ಆಯಿಲ್‌ನ ಒತ್ತಡ. ಆದ್ದರಿಂದಲೇ ಪರೀಕ್ಷೆ ಆಯಿಲ್‌ನಿಂದ ಶುರುವಾಗಬೇಕು.

ಹತ್ತು ಹದಿನೈದು ಕಿಲೋಮೀಟರ್ ಓಡಿಸಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಎಂಜಿನ್ ಆರಿಸಬೇಡಿ. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಒತ್ತಿಕೊಂಡೇ ಗೇರ್ ಲಿವರನ್ನು ಎಲ್ಲ ಸ್ಥಾನಗಳಿಗೂ ಒಮ್ಮೊಮ್ಮೆ ಒಯ್ದು ಪಾರ್ಕಿಗೆ ತನ್ನಿ. ಈಗ ಗೇರ್‌ಬಾಕ್ಸಿನ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಒರೆಸಿ, ಮತ್ತೆ ಅದ್ದಿ ನೋಡಿ. ಆಯಿಲ್ ‘ಹಾಟ್’ ಎಂದಿರುವ ಎರಡು ಗುರುತುಗಳ ನಡುವೆ ಇರಬೇಕು. ಎಂಜಿನ್ ಆರಿಸಿ ನೋಡಿದರೆ ಲೆಕ್ಕ ತಪ್ಪುತ್ತದೆ. ಹೋಂಡಾ ಕಾರುಗಳಲ್ಲಿ ಮಾತ್ರ ಇದಕ್ಕೆ ತಿರುಗುಮುರುಗು: ಆರಿಸಿದ ಮೇಲೆಯೇ ನೋಡಬೇಕು. ಇದನ್ನು ಅರಿಯದೆ ಒಂದು ಕಾರಿನ ರೂಢಿಯನ್ನು ಇನ್ನೊಂದಕ್ಕೆ ಹಚ್ಚಿ ಆಯಿಲ್ ಹೆಚ್ಚುಕಡಿಮೆ ಮಾಡಿದವರಿದ್ದಾರೆ.

ಆಯಿಲ್ ಕಡಿಮೆಯಿದ್ದರೆ ಪಂಪು ಗಾಳಿಯನ್ನೂ ಎಳೆದುಕೊಳ್ಳುತ್ತದೆ, ನೊರೆ ಏಳುತ್ತದೆ, ಒತ್ತಡ ಕುಸಿಯುತ್ತದೆ. ಹೆಚ್ಚಾದರೂ ನೊರೆಯೇ. ನಿಮ್ಮ ಕಾರಿನ ಲಕ್ಷಣ ಇದಕ್ಕೆ ಚೆನ್ನಾಗಿ ಹೊಂದುತ್ತದೆ.

ಬಿಳಿ ಬಟ್ಟೆಯ ಮೇಲೆ ಒಂದು ಹನಿ ಬಿಡಿ. ಹೊಸ ಆಯಿಲ್ ಕೆಂಪಗಿರುತ್ತದೆ. ಕಂದು ತಿರುಗಿದ್ದರೆ ವಯಸ್ಸಾಗಿದೆ. ಕಪ್ಪಾಗಿ ಸೀದ ವಾಸನೆ ಬಂದರೆ ಗೇರ್ ಹಿಡಿಸುವ ಒಳಗಿನ ಕ್ಲಚ್ ತಟ್ಟೆಗಳು ಸುಟ್ಟಿವೆ, ಅದನ್ನು ಹೊಸ ಆಯಿಲ್ ವಾಸಿಮಾಡಲಾರದು. ಹಾಲು ಬೆರೆಸಿದಂತೆ ಗುಲಾಬಿ ಬಣ್ಣವಿದ್ದರೆ ರೇಡಿಯೇಟರಿನ ನೀರು ಒಳಗೆ ಸೇರಿದೆ ಎಂದರ್ಥ. ಆಗ ಕಾರನ್ನು ಒಂದು ಗಜವೂ ಓಡಿಸಬೇಡಿ.

ಬರೀ ಹಳೆಯದಾಗಿದ್ದರೆ ಬದಲಿಸಿ. ನಿಮ್ಮ ಪೆಟ್ಟಿಗೆಗೆ ಬೇಕಾದದ್ದು ಎಸ್‌ಪಿ-3 ದರ್ಜೆಯದು. ‘ಯಾವ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ಆದರೂ ನಡೆಯುತ್ತದೆ’ ಎನ್ನುವವರ ಮಾತು ಕೇಳಬೇಡಿ. ಆಯಿಲ್ ಒಮ್ಮೆ ಇಳಿಸಿದರೆ ಹೆಚ್ಚೆಂದರೆ ಅರ್ಧದಷ್ಟು ಹೊರಬರುತ್ತದೆ, ಉಳಿದದ್ದು ಟಾರ್ಕ್ ಕನ್ವರ್ಟರಿನಲ್ಲೇ ಇರುತ್ತದೆ. ಕೆಲವು ದಿನ ಓಡಿಸಿ ಮತ್ತೊಮ್ಮೆ ಬದಲಿಸಿ. ಯಂತ್ರ ಹಚ್ಚಿ ಒತ್ತಡದಿಂದ ತೊಳೆಯುವುದನ್ನು ಇಷ್ಟು ಹಳೆಯ ಪೆಟ್ಟಿಗೆಗೆ ನಾನು ಸೂಚಿಸುವುದಿಲ್ಲ.

ಇನ್ನು ಸ್ಕ್ಯಾನರ್. ಗೇರ್‌ಬಾಕ್ಸಿನ ಕಂಪ್ಯೂಟರನ್ನೂ ಓದುವ ಸ್ಕ್ಯಾನರ್ ಬೇಕು. ಎಂಜಿನ್ನಿನದನ್ನು ಮಾತ್ರ ಓದುವ ಅಗ್ಗದ ಸಾಧನ ಪಿ0700 ಎಂಬ ದೋಷದ ಕೋಡನ್ನಷ್ಟೇ ತೋರಿಸಿ ಸುಮ್ಮನಾಗುತ್ತದೆ. ‘ಗೇರ್‌ಬಾಕ್ಸಿನಲ್ಲಿ ಒಂದು ದೂರು ದಾಖಲಾಗಿದೆ’ ಎಂಬುದಷ್ಟೇ ಅದರ ಅರ್ಥ, ದೂರು ಏನೆಂದು ಅದು ಹೇಳುವುದಿಲ್ಲ. ಪಿ0715 ಅಥವಾ ಪಿ0720 ಬಂದರೆ ವೇಗ ಅಳೆಯುವ ಸೆನ್ಸರ್ ಇಲ್ಲವೇ ಅದರ ವೈರಿನ ಮೇಲೆ ಅನುಮಾನ. ಈ ಸೆನ್ಸರ್‌ಗಳನ್ನು ಹೊರಗಿನಿಂದಲೇ ಬದಲಿಸಬಹುದು. ಪಿ0733 ಬಂದರೆ ಮೂರನೆಯ ಗೇರ್ ನಿಜವಾಗಿಯೂ ಜಾರುತ್ತಿದೆ.

ಬಿಚ್ಚದೆಯೇ ಒಳಗನ್ನು ಊಹಿಸುವ ದಾರಿಯೂ ಇದೆ. ಈ ಬಗೆಯ ಹ್ಯುಂಡೈ ಪೆಟ್ಟಿಗೆಯಲ್ಲಿ ಎರಡನೆಯ ಗೇರಿಗೆ ಅಂಡರ್‌ಡ್ರೈವ್ ಕ್ಲಚ್ ಮತ್ತು ಸೆಕೆಂಡ್ ಬ್ರೇಕ್ ಎಂಬ ಒಳಗಿನ ತಟ್ಟೆಗಳ ಕಟ್ಟುಗಳು ಹಿಡಿಯುತ್ತವೆ. ಮೂರನೆಯದಕ್ಕೆ ಅಂಡರ್‌ಡ್ರೈವ್ ಹಾಗೆಯೇ ಉಳಿದು, ಸೆಕೆಂಡ್ ಬ್ರೇಕ್ ಬಿಟ್ಟು, ಓವರ್‌ಡ್ರೈವ್ ಕ್ಲಚ್ ಹಿಡಿಯುತ್ತದೆ. ನಾಲ್ಕನೆಯದಕ್ಕೆ ಓವರ್‌ಡ್ರೈವ್ ಮತ್ತು ಸೆಕೆಂಡ್ ಬ್ರೇಕ್. ಒಂದು ಮತ್ತು ಎರಡನೆಯ ಗೇರುಗಳು ಚೆನ್ನಾಗಿದ್ದರೆ ಅಂಡರ್‌ಡ್ರೈವ್ ನಿರ್ದೋಷಿ. ಬಿಸಿಯಾದ ಕಾರಿನಲ್ಲಿ ಮೂರನೆಯ ಗೇರ್ ಹಿಡಿದ ಮೇಲೆ ಒಂದು ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ನೋಡಿ. ವೇಗ ಏರದೆ ಆರ್‌ಪಿಎಂ ಮಾತ್ರ ಏರಿದರೆ, ನಾಲ್ಕರಲ್ಲೂ ಹಾಗೆಯೇ ಆದರೆ, ಓವರ್‌ಡ್ರೈವ್ ಕ್ಲಚ್ ಸವೆದಿದೆ, ಆಗ ಬಿಚ್ಚಿಸಲೇಬೇಕು. ಹಿಡಿದ ಮೇಲೆ ಗಟ್ಟಿಯಾಗಿ ನಿಂತು, ಹಿಡಿಯುವ ಆ ಗಳಿಗೆಯಲ್ಲಿ ಮಾತ್ರ ತಡವರಿಸಿದರೆ ಆ ಕ್ಲಚ್ಚಿಗೆ ಒತ್ತಡ ತಡವಾಗಿ ತಲುಪುತ್ತಿದೆ. ಕಾರಣ ಆಯಿಲ್ ಇರಬಹುದು, ವಾಲ್ವ್ ಬಾಡಿಯ (ಆಯಿಲ್ ಒತ್ತಡವನ್ನು ಹಂಚುವ ಭಾಗ) ಸೊಲೆನಾಯ್ಡ್, ಅಂದರೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಕವಾಟ, ಇರಬಹುದು, ಗಟ್ಟಿಯಾದ ಸೀಲ್ ಇರಬಹುದು. ಸೊಲೆನಾಯ್ಡ್ ಬದಲಿಸಲು ಇಡೀ ಗೇರ್‌ಬಾಕ್ಸ್ ಇಳಿಸಬೇಕಿಲ್ಲ.

ಕಾರು ಕೆಲವೊಮ್ಮೆ ಮೂರನೆಯ ಗೇರಿನಲ್ಲೇ ಸಿಕ್ಕಿಕೊಂಡು, ಆರಿಸಿ ಹಚ್ಚಿದರೆ ಸರಿಹೋಗುತ್ತಿದೆಯೇ? ವಿದ್ಯುತ್ ದೋಷ ಕಂಡಾಗ ಕಂಪ್ಯೂಟರ್ ತಾನೇ ಮೂರರಲ್ಲಿ ನಿಲ್ಲಿಸುತ್ತದೆ. ಅದು ಸವೆತದ ಗುರುತಲ್ಲ, ವೈರು, ಸೆನ್ಸರ್ ಅಥವಾ ಸೊಲೆನಾಯ್ಡಿನ ಗುರುತು. ಹಳೆಯ ಸ್ಪಾರ್ಕ್ ಪ್ಲಗ್, ಮಸಿ ಕಟ್ಟಿದ ಥ್ರಾಟಲ್ ಬಾಡಿ (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು), ಹರಿದ ಎಂಜಿನ್ ಮೌಂಟ್ (ಎಂಜಿನ್ನನ್ನು ಹಿಡಿದಿಡುವ ರಬ್ಬರ್ ಆಧಾರ) ಕೂಡ ಗೇರಿನ ಗುದ್ದಿನಂತೆಯೇ ಅನುಭವಕ್ಕೆ ಬರುತ್ತವೆ. ಅವನ್ನೂ ಒಮ್ಮೆ ನೋಡಿಸಿ.

ಇಷ್ಟೆಲ್ಲ ಆದ ಮೇಲೂ ಬಿಚ್ಚಬೇಕೆಂದರೆ, ಕಾರಣವನ್ನೂ ಸ್ಕ್ಯಾನರಿನ ಕೋಡನ್ನೂ ಗ್ಯಾರೇಜಿನವರಿಂದ ಬರೆಸಿಕೊಂಡು ಒಪ್ಪಿ. ಅಲ್ಲಿಯವರೆಗೆ ಶಿರಾಡಿಯಂಥ ಘಾಟಿ ಹತ್ತಬೇಡಿ, ಏರಿನಲ್ಲಿ ಆಯಿಲ್ ಬೇಗ ಕಾಯುತ್ತದೆ. ದಾರಿಯಲ್ಲಿ ನಿಂತುಹೋದರೆ ಮುಂದಿನ ಚಕ್ರಗಳು ನೆಲದ ಮೇಲಿರುವಂತೆ ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ ಆರಿದ್ದಾಗ ಒಳಗಿನ ಆಯಿಲ್ ಪಂಪು ತಿರುಗುವುದಿಲ್ಲ, ಭಾಗಗಳು ಒಣಗಿಯೇ ಉಜ್ಜಿಕೊಳ್ಳುತ್ತವೆ. ಮುಂದಿನ ಚಕ್ರ ಎತ್ತುವ ಇಲ್ಲವೇ ಕಾರನ್ನೇ ಹೊತ್ತೊಯ್ಯುವ ಗಾಡಿಯನ್ನು ಕರೆಸಿ.